ಮಾವನ ಫಿಯಟ್ಟಿಗೆ ಬ್ರೇಕ್ ಪೈಪ್

2023ರ ಆಗಸ್ಟ್, ಒಂದು ಭಾನುವಾರ ಬೆಳಗ್ಗೆ ಹತ್ತೂವರೆ. ಮಾಟುಂಗದ ಮಾರ್ಕೆಟ್ಟಿನಿಂದ ವಾಪಸ್ ಬರುತ್ತಿದ್ದೆವು. ಮಾವ ಡ್ರೈವಿಂಗ್ ಸೀಟಿನಲ್ಲಿ, ನಾನು ಪಕ್ಕದಲ್ಲಿ, ಹಿಂದೆ ಅತ್ತೆ ಮತ್ತು ಪತ್ರೊಡೆಗೆಂದು ಆರಿಸಿ ಆರಿಸಿ ಕೊಂಡ ಕೆಸುವಿನೆಲೆಯ ಎರಡು ಕಟ್ಟು. ಸಯನ್ ದಾಟಿ ಹೆದ್ದಾರಿ ಹಿಡಿದು ಚೆಂಬೂರಿನ ಹತ್ತಿರ ಫ್ಲೈಓವರ್ ಇಳಿಯುತ್ತಿದ್ದಾಗ ಮುಂದೆ ಹೋಗುತ್ತಿದ್ದ ಬೆಸ್ಟ್ ಬಸ್ಸು ಸಿಗ್ನಲ್ಲಿಗೆ ನಿಂತಿತು. ಮಾವ ಬ್ರೇಕ್ ಒತ್ತಿದರು. ನಾವು ನಿಲ್ಲಲಿಲ್ಲ.

ನನಗೆ ನೆನಪಿರುವುದು ಶಬ್ದಗಳು ಮಾತ್ರ. ಪೆಡಲ್ ತಳಕ್ಕೆ ಬಡಿದ 'ಟಕ್'. ಮತ್ತೆ ಮತ್ತೆ 'ಟಕ್ ಟಕ್'. ಸ್ಟೀರಿಂಗ್ ಪಕ್ಕದ ಗೇರ್ ಕೋಲನ್ನು ಮಾವ ಮೂರರಿಂದ ಎರಡಕ್ಕೆ ಎಳೆದಾಗ ಇಂಜಿನ್ ಹಾಕಿದ ಕೂಗು. ಆಮೇಲೆ ಹ್ಯಾಂಡ್‌ಬ್ರೇಕಿನ ಕರಕರ. ಬಸ್ಸಿನ ಕೆಂಪು ಬೆನ್ನಿಗೂ ನಮ್ಮ ಮೂತಿಗೂ ಒಂದು ಮೊಳ ಇರುವಾಗ ಕಾರು ನಿಂತಿತು. ಅತ್ತೆ ಒಂದು ಮಾತೂ ಆಡಲಿಲ್ಲ. ಕೆಳಗೆ ಬಿದ್ದ ಎಲೆಗಳನ್ನು ಒಂದೊಂದಾಗಿ ಎತ್ತಿ ಕಟ್ಟಿಗೆ ಸೇರಿಸುತ್ತಿದ್ದರು.

"ಎಂತಾತಿಲ್ಲ ಕಾಣ್. ಗಾಳಿ ಹೊಕ್ಕಿರ್ಕ್," ಎಂದರು ಮಾವ.

ಮಾವ ಎಂದರೆ ನನ್ನ ಅಮ್ಮನ ಅಣ್ಣ. ಊರು ಕುಂದಾಪುರದ ಹತ್ತಿರ. ಹದಿನಾರಕ್ಕೆ ಮುಂಬಯಿಗೆ ಬಂದು ಫೋರ್ಟಿನ ಹೋಟೆಲಿನಲ್ಲಿ ಹಗಲು ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಕೂತು ಎಸ್ಸೆಸ್ಸೆಲ್ಸಿ ಮುಗಿಸಿ, ಆಮೇಲೆ ಕಂಪನಿಯೊಂದರಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಈ ಕಥೆ ಈ ಪುಟಗಳ ಓದುಗರಿಗೆ ಹೊಸದಲ್ಲ; ಹತ್ತರಲ್ಲಿ ನಾಲ್ಕು ಮನೆಯದು ಇದೇ ಕಥೆ. ನಾನು ಸಾಗರದಲ್ಲಿ ಬೆಳೆದು, ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ, ಐರೋಲಿಯಲ್ಲಿ ಸಾಫ್ಟ್‌ವೇರ್ ಪರೀಕ್ಷೆ ಮಾಡುವವನು. ಸ್ಪ್ಯಾನರ್ ಮುಟ್ಟಿ ಹದಿನಾಲ್ಕು ವರ್ಷವಾಗಿತ್ತು. ಈ ಊರಿಗೆ ಬಂದ ಮೊದಲ ಎಂಟು ತಿಂಗಳು ತಿಲಕ್ ನಗರದ ಮಾವನ ಮನೆಯಲ್ಲೇ ಇದ್ದೆ. ಬ್ಯಾಗು ಹೊತ್ತು ಇಳಿದವನನ್ನು ಕುರ್ಲಾ ಟರ್ಮಿನಸ್ಸಿನಿಂದ ಕರೆದುಕೊಂಡು ಹೋಗಿದ್ದು ಇದೇ ಕಾರು.

ಕಾರು 1984ರ ಪ್ರೀಮಿಯರ್ ಪದ್ಮಿನಿ. ಮುಂಬಯಿಯಲ್ಲಿ ಅದನ್ನು ಯಾರೂ ಆ ಹೆಸರಿನಿಂದ ಕರೆದಿದ್ದನ್ನು ನಾನು ಕೇಳಿಲ್ಲ. ಎಲ್ಲರ ಬಾಯಲ್ಲೂ ಅದು ಫಿಯಟ್. ಹಾಗನ್ನುವುದರಲ್ಲಿ ತಪ್ಪೇನೂ ಇಲ್ಲ. 1964ರಲ್ಲಿ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಿಂದ ಹೊರಬಂದಾಗ ಅದರ ಹೆಸರು ಫಿಯಟ್ 1100 ಡಿಲೈಟ್ ಎಂದೇ ಇತ್ತು. ರಾಣಿ ಪದ್ಮಿನಿಯ ಹೆಸರು ಬಂದದ್ದು ಎಪ್ಪತ್ತರ ದಶಕದಲ್ಲಿ. ಇಂಜಿನ್ 1089 ಸಿಸಿ. ಮಾವ ಅದನ್ನು ಸೆಕೆಂಡ್ ಹ್ಯಾಂಡಾಗಿ 1991ರಲ್ಲಿ ಕೊಂಡದ್ದು. ಮಾವನ ಮದುವೆಯ ಫೋಟೋ ಅವರ ಮನೆಯ ಗೋಡೆಯ ಮೇಲಿಲ್ಲ. ಕಾರಿಗೆ ಪೂಜೆ ಮಾಡಿದ ಫೋಟೋ ಇದೆ.

ಆ ಭಾನುವಾರ ಹ್ಯಾಂಡ್‌ಬ್ರೇಕಿನಲ್ಲೇ, ಮೊದಲ ಗೇರಿನಲ್ಲಿ, ರಸ್ತೆಯ ಎಡ ಅಂಚು ಹಿಡಿದು ಮನೆ ತಲುಪಿದೆವು. ಹಾಗೆ ಓಡಿಸಬಾರದಿತ್ತು, ಗೊತ್ತು. ಟೋಯಿಂಗ್‌ನವರಿಗೆ ಫೋನ್ ಮಾಡುತ್ತೇನೆಂದರೆ ಮಾವ ಕೇಳಲಿಲ್ಲ, ನಾನೂ ಹಟ ಹಿಡಿಯಲಿಲ್ಲ.

ಕಾಂಪೌಂಡಿನಲ್ಲಿ ಬಗ್ಗಿ ನೋಡಿದರೆ ಹಿಂದಿನ ಚಕ್ರದ ಕಡೆಗೆ ಹೋಗುವ ಉಕ್ಕಿನ ಪೈಪು ಒಂದು ಕಡೆ ಒದ್ದೆಯಾಗಿತ್ತು. ತಳಕ್ಕೆ ಅದನ್ನು ಹಿಡಿದಿಟ್ಟ ತಗಡಿನ ಕ್ಲಿಪ್ಪಿನ ಕೆಳಗೆ ಬೆರಳಿಟ್ಟರೆ ಪೈಪಿನ ಮೈ ಹಪ್ಪಳದ ಹಾಗೆ ಪದರ ಪದರವಾಗಿ ಎದ್ದು ಬಂತು. ಕ್ಲಿಪ್ಪಿನ ಹಿಂದೆ ಕೆಸರು ಕೂತು, ಕೆಸರಿನಲ್ಲಿ ಈ ಊರಿನ ಉಪ್ಪುಗಾಳಿ ಕೂತು, ನಾಲ್ಕು ತಿಂಗಳ ಮಳೆ ಅದನ್ನು ಒಣಗಲು ಬಿಡದೆ, ವರ್ಷಾನುಗಟ್ಟಲೆ ತಿಂದಿತ್ತು. ಎದುರಿಗೆ ಕಾಣುವ ಜಾಗದಲ್ಲಿ ಪೈಪು ಚೆನ್ನಾಗಿಯೇ ಇತ್ತು. ಮಾವ ವರ್ಷಕ್ಕೊಮ್ಮೆ ಅದಕ್ಕೆ ಕಪ್ಪು ಬಣ್ಣ ಬಳಿಸುತ್ತಿದ್ದರು, ಕ್ಲಿಪ್ಪುಗಳನ್ನು ಬಿಚ್ಚದೆ.

ಒಂದು ವಿಷಯ ಮಾತ್ರ ಆವತ್ತೇ ತಲೆಯಲ್ಲಿ ಉಳಿಯಿತು. ಡಿಕ್ಕಿಯಲ್ಲಿ ಅರ್ಧ ಖಾಲಿಯಾದ ಬ್ರೇಕ್ ಫ್ಲೂಯಿಡ್ ಬಾಟಲಿ ಇತ್ತು. ಕೇಳಿದರೆ, "ಒಂದು ತಿಂಗಳಿಂದ ಎಣ್ಣೆ ಇಳಿತಾ ಇತ್ತು, ಹಾಕ್ತಾ ಇದ್ದೆ," ಎಂದರು. ಹಾಗಾದರೆ ಪೆಡಲ್ ಕೂಡ ಆ ಒಂದು ತಿಂಗಳಲ್ಲಿ ಮೆತ್ತಗಾಗುತ್ತ ಆಳಕ್ಕೆ ಇಳಿಯುತ್ತ ಬಂದಿರಬೇಕು. ಅದನ್ನು ಯಾಕೆ ಹೇಳಲಿಲ್ಲ? ಖರ್ಚಿಗೆ ಹೆದರಿದ್ದಾರೆ ಎಂದುಕೊಂಡೆ. ನನಗೆ ಸಿಟ್ಟೂ ಬಂದಿತ್ತು.

ನಿಮ್ಮಲ್ಲಿ ಹೆಚ್ಚಿನವರು ಓಡಿಸುವುದು ಈಗಿನ ಕಾರು, ಅದಕ್ಕೆ ಇದೊಂದನ್ನು ಹೇಳಿಬಿಡುತ್ತೇನೆ. ಬ್ರೇಕ್ ಎನ್ನುವುದು ಪ್ಯಾಸ್ಕಲ್‌ನ ನಿಯಮ, ಒಂಬತ್ತನೇ ಕ್ಲಾಸಿನದು. ಪೆಡಲ್ ಒತ್ತಿದರೆ ಮಾಸ್ಟರ್ ಸಿಲಿಂಡರ್ ಎಣ್ಣೆಯನ್ನು ಒತ್ತುತ್ತದೆ, ಎಣ್ಣೆ ಪೆನ್ಸಿಲ್ಲಿಗಿಂತ ಸಣ್ಣ ಪೈಪಿನಲ್ಲಿ ಹೋಗಿ ನಾಲ್ಕೂ ಚಕ್ರದ ಡ್ರಮ್ಮಿನೊಳಗೆ ಬ್ರೇಕ್ ಶೂಗಳನ್ನು ತಳ್ಳುತ್ತದೆ. ಟೈರಿನಲ್ಲಿ ನಾವು ತುಂಬಿಸುವ ಗಾಳಿ ಮೂವತ್ತು ಪಿಎಸ್‌ಐ ಆಸುಪಾಸು. ಜೋರಾಗಿ ಬ್ರೇಕ್ ಒತ್ತಿದಾಗ ಈ ಪೈಪಿನೊಳಗಿನ ಒತ್ತಡ ಸಾವಿರ ಪಿಎಸ್‌ಐ ದಾಟಬಹುದು. ಈಗಿನ ಕಾರುಗಳಲ್ಲಿ ಎಣ್ಣೆಗೆ ಎರಡು ಬೇರೆ ಬೇರೆ ದಾರಿ, ಒಂದು ಸೋರಿದರೆ ಇನ್ನೊಂದು ಎರಡು ಚಕ್ರವನ್ನಾದರೂ ಹಿಡಿಯುತ್ತದೆ. ಅಮೆರಿಕದಲ್ಲಿ 1968ರಿಂದಲೇ ಅದು ಕಡ್ಡಾಯ. ಮಾವನ ಕಾರಿನಲ್ಲಿ ಒಂದೇ ದಾರಿ. ಎಲ್ಲಿ ತೂತಾದರೂ ನಾಲ್ಕೂ ಚಕ್ರ ಹೋದ ಹಾಗೆಯೇ. ಹ್ಯಾಂಡ್‌ಬ್ರೇಕ್ ತಂತಿಯ ಮೇಲೆ ನಡೆಯುತ್ತದೆ, ಎಣ್ಣೆಯ ಹಂಗಿಲ್ಲ. ಅದರಿಂದಲೇ ನಾವು ಉಳಿದದ್ದು.

ಸಮೀಪದ ಗ್ಯಾರೇಜಿನ ಹುಡುಗ ಬಂದು ನೋಡಿ ಅರ್ಧ ತಾಸಿನ ಕೆಲಸ ಎಂದ. ಕೊಳೆತ ಒಂದು ಅಡಿ ಕತ್ತರಿಸಿ, ಫ್ರಿಜ್ಜಿನ ತಾಮ್ರದ ಪೈಪು ಇಟ್ಟು, ಎರಡು ಜೋಡಣೆ ಕೊಟ್ಟರೆ ಆಯಿತು, ಆರುನೂರು ರೂಪಾಯಿ. ಮಾವನ ಮುಖ ಅರಳಿತು. ನಾನು ಬೇಡವೆಂದೆ. ತಾಮ್ರ ಬಗ್ಗಿಸಲು ಸುಲಭ, ತುಕ್ಕೂ ಹಿಡಿಯುವುದಿಲ್ಲ, ಆದರೆ ಕಾರು ನಡುಗಿದ ಹಾಗೆಲ್ಲ ಅದು ಗಡುಸಾಗುತ್ತ ಹೋಗಿ ಒಂದು ದಿನ ಸೀಳುತ್ತದೆ. ಎಂಜಿನಿಯರಿಂಗಿನ ಮೂರನೇ ಸೆಮಿಸ್ಟರಿನಲ್ಲಿ ಓದಿದ್ದರಲ್ಲಿ ನೆನಪಿದ್ದದ್ದು ಅದೊಂದೇ. ಅದಕ್ಕಿಂತ ಮುಖ್ಯವಾಗಿ, ಒಂದು ಕ್ಲಿಪ್ಪಿನ ಕೆಳಗೆ ಹೀಗಾಗಿದ್ದರೆ ಉಳಿದ ಕ್ಲಿಪ್ಪುಗಳ ಕೆಳಗೆ ಏನಾಗಿರಬೇಕು?

"ಹಾಗಾದರೆ ನೀನೇ ಮಾಡು," ಎಂದರು ಮಾವ. ಸವಾಲೋ ಸಿಟ್ಟೋ ತಿಳಿಯಲಿಲ್ಲ.

ಮುಂದಿನ ಶನಿವಾರ ಕುರ್ಲಾದ ಸಿಎಸ್‌ಟಿ ರಸ್ತೆಗೆ ಹೋದೆ. ನೋಡದವರು ಒಮ್ಮೆ ನೋಡಬೇಕು. ಬಾಗಿಲುಗಳದೇ ಒಂದು ಅಂಗಡಿ, ಹೆಡ್‌ಲೈಟುಗಳದೇ ಒಂದು, ಒಂದರ ಮೇಲೊಂದು ಪೇರಿಸಿಟ್ಟ ಗೇರ್‌ಬಾಕ್ಸುಗಳ ನಡುವೆ ಕೂತು ಮಾಲೀಕ ಪಾವ್ ತಿನ್ನುತ್ತಿರುತ್ತಾನೆ. ಪದ್ಮಿನಿ ಎಂದ ಕೂಡಲೇ ಹಳೆಯ ಅಂಗಡಿಯವರ ಮುಖದಲ್ಲಿ ಒಂದು ನಗು ಬರುತ್ತದೆ, ತೀರಿಕೊಂಡ ಗೆಳೆಯನ ಮಗ ಬಂದ ಹಾಗೆ. ಎರಡು ಕಿಲೋಮೀಟರಿನ ಒಳಗೇ ಹುಟ್ಟಿದ ಕಾರು, ಅದರ ಮೂಳೆಗಳೂ ಅಲ್ಲೇ ಬಿದ್ದಿವೆ.

ಅಲ್ಲಿ ನಾಲ್ಕು ದಾರಿ ಕಂಡವು. ಗುಜರಿಗೆ ಹೋದ ಟ್ಯಾಕ್ಸಿಯಿಂದ ಬಿಚ್ಚಿದ ಪೈಪು ನೂರು ರೂಪಾಯಿಗೆ ಸಿಗುತ್ತಿತ್ತು. ಆದರೆ ಅದೂ ನಮ್ಮ ಮಳೆಯನ್ನೇ ಕುಡಿದದ್ದು. ಎರಡನೆಯದು ತುದಿಗಳನ್ನು ಮಡಿಸಿ, ನಟ್ ಹಾಕಿ, ಸಿದ್ಧವಾಗಿಟ್ಟ ಉಕ್ಕಿನ ಪೈಪಿನ ಸೆಟ್ಟು. ಇದನ್ನು ಬೇಡವೆನ್ನಲು ಕಾರಣವಿರಲಿಲ್ಲ. ಕಾರ್ಖಾನೆಯಿಂದ ಬಂದದ್ದೂ ಉಕ್ಕೇ, ಮೂವತ್ತೊಂಬತ್ತು ವರ್ಷ ನಡೆದಿದೆ. ಆದರೆ ಇದರ ಲೇಪ ಉಗುರಿನಲ್ಲಿ ಕೆರೆದರೆ ಬರುವಂತಿತ್ತು. ಸ್ಟೇನ್‌ಲೆಸ್ ಸ್ಟೀಲ್ ಎಂದು ಒಬ್ಬ ಆಸೆ ತೋರಿಸಿದ. ಅದು ತುಕ್ಕು ಹಿಡಿಯದು ನಿಜ, ಆದರೆ ತುದಿ ಮಡಿಸುವುದು ಕಷ್ಟ, ಗಡುಸು ಲೋಹವಾದ್ದರಿಂದ ಜೋಡಣೆಯಲ್ಲಿ ಸರಿಯಾಗಿ ಕೂರದೆ ಜಿನುಗುತ್ತದೆ, ನನ್ನಂಥ ಹೊಸಬನ ಕೈಗಂತೂ ಅಲ್ಲ.

ಕೊನೆಗೆ ಆರಿಸಿದ್ದು ಕ್ಯುಪ್ರೋನಿಕಲ್. ನೂರರಲ್ಲಿ ಸುಮಾರು ತೊಂಬತ್ತು ಭಾಗ ತಾಮ್ರ, ಹತ್ತು ಭಾಗ ನಿಕಲ್, ಚಿಟಿಕೆಯಷ್ಟು ಕಬ್ಬಿಣ ಮತ್ತು ಮ್ಯಾಂಗನೀಸ್. ಹಡಗುಗಳಲ್ಲಿ ಸಮುದ್ರದ ನೀರು ಹರಿಯುವ ಕೊಳವೆಗಳಿಗೆ ಬಳಸುವುದು ಇದೇ ಮಿಶ್ರಲೋಹ. ಸ್ವೀಡನ್ನಿನ ವೋಲ್ವೊ ಕಂಪನಿ ಎಪ್ಪತ್ತರ ದಶಕದಲ್ಲೇ ಇದನ್ನು ಬ್ರೇಕ್ ಪೈಪಿಗೆ ತಂದಿತು, ಅಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರಲ್ಲ, ಅದಕ್ಕೆ. ಇಲ್ಲಿ ಉಪ್ಪನ್ನು ಯಾರೂ ಸುರಿಯಬೇಕಿಲ್ಲ. ತಾಮ್ರದಷ್ಟೇ ಸುಲಭವಾಗಿ ಕೈಯಲ್ಲಿ ಬಾಗುತ್ತದೆ, ತಾಮ್ರದಂತೆ ದಣಿದು ಸೀಳುವುದಿಲ್ಲ. ಇಪ್ಪತ್ತೈದು ಅಡಿಯ ಸುರುಳಿ, 4.75 ಮಿಲಿಮೀಟರ್ ದಪ್ಪ, ಹಳೆಯ ಲೆಕ್ಕದಲ್ಲಿ ಇಂಚಿನ ಹದಿನಾರನೇ ಮೂರು ಭಾಗ. ಅಂಗಡಿಗಳಲ್ಲಿ ಸಿಗಲಿಲ್ಲ, ಆನ್‌ಲೈನಿನಲ್ಲಿ ತರಿಸಿದೆ. ಬೆಲೆ ಮಾವನಿಗೆ ಅರ್ಧ ಹೇಳಿದೆ.

ರಬ್ಬರ್ ಹೋಸುಗಳ ವಿಷಯದಲ್ಲಿ ಸ್ವಲ್ಪದರಲ್ಲಿ ಮೋಸ ಹೋಗುತ್ತಿದ್ದೆ. ಚಕ್ರ ತಿರುಗುವ, ಕುಣಿಯುವ ಕಡೆ ಲೋಹದ ಪೈಪು ನಡೆಯದು, ಅಲ್ಲಿ ರಬ್ಬರು ಬೇಕು: ಮುಂದೆ ಎರಡು, ಹಿಂದೆ ಒಂದು. ಹಳೆಯದು ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಊದಿ ಎಣ್ಣೆಯ ದಾರಿ ಮುಚ್ಚಿರುತ್ತದೆ, ಬ್ರೇಕ್ ಬಿಟ್ಟ ಮೇಲೂ ಚಕ್ರ ಹಿಡಿದುಕೊಂಡಿರುತ್ತದೆ. ಅಂಗಡಿಯವ ಸೀಲ್ ಒಡೆಯದ ಪ್ಯಾಕೆಟ್ ಕೊಟ್ಟ. ಮನೆಗೆ ತಂದು ರಬ್ಬರಿನ ಮೇಲಿನ ಸಣ್ಣ ಅಂಕಿ ಓದಿದರೆ 2009. ಪ್ಯಾಕೆಟ್ಟಿನಲ್ಲಿ ಕೂತೇ ಹದಿನಾಲ್ಕು ವರ್ಷವಾಗಿತ್ತು. ಮರುದಿನ ಮತ್ತೆ ಕುರ್ಲಾ. ಜಗಳವಾಗಲಿಲ್ಲ, ಅವ ಹುಡುಕಿ ಹೊಸ ತಯಾರಿಕೆಯದನ್ನೇ ಕೊಟ್ಟ, ಚಹಾ ಕುಡಿಸಿದ.

ಕೆಲಸ ಶುರುವಾದದ್ದು ಗಣೇಶ ಚೌತಿಯ ಮೊದಲಿನ ವಾರಾಂತ್ಯದಲ್ಲಿ. ಪಕ್ಕದ ಕಟ್ಟಡದ ಚಾಚಾ ಇಲ್ಲದಿದ್ದರೆ ಇದು ಮುಗಿಯುತ್ತಿರಲಿಲ್ಲ. ಉತ್ತರ ಪ್ರದೇಶದ ಜೌನ್‌ಪುರದವರು, ಮೂವತ್ತು ವರ್ಷ ಪದ್ಮಿನಿ ಟ್ಯಾಕ್ಸಿ ಓಡಿಸಿದವರು. ಟ್ಯಾಕ್ಸಿಗೆ ಇಲ್ಲಿ ಆಯಸ್ಸು ಇಪ್ಪತ್ತೇ ವರ್ಷ. ಅವರದು ಗುಜರಿಗೆ ಹೋದ ಮೇಲೂ ಉಪಕರಣಗಳನ್ನು ಮಾರಿರಲಿಲ್ಲ. ನಾಲ್ಕು ಸ್ಟ್ಯಾಂಡುಗಳ ಮೇಲೆ ಕಾರನ್ನು ಏರಿಸಿ, ತಾಡಪಾಲು ಕಟ್ಟಿ, ಸೊಸೈಟಿಯ ಕಾರ್ಯದರ್ಶಿಗೆ ಅತ್ತೆಯ ಪತ್ರೊಡೆ ಕೊಟ್ಟು ಎರಡು ದಿನದ ಅನುಮತಿ ಪಡೆದೆವು.

ಹಳೆಯ ನಟ್ಟುಗಳು ಪೈಪಿಗೇ ಬೆಸೆದುಕೊಂಡಿದ್ದವು. ಮಾಮೂಲಿ ಸ್ಪ್ಯಾನರ್ ಹಾಕಿದರೆ ನಟ್ಟಿನ ಮೂಲೆಗಳು ಸವೆದು ಗುಂಡಗಾಗುತ್ತವೆ. ಅದಕ್ಕೆಂದೇ ಒಂದು ಬಗೆಯಿದೆ, ಉಂಗುರದ ಒಂದು ಬದಿ ಸೀಳಿದ್ದು, ಪೈಪಿನ ಮೇಲಿಂದ ತೂರಿಸಿ ನಟ್ಟನ್ನು ಐದೂ ಬದಿ ಹಿಡಿಯುತ್ತದೆ. ಅದು ಚಾಚಾನ ಬಳಿ ಇತ್ತು, ಅವರ ತಂದೆಯದಂತೆ. ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿಟ್ಟಿದ್ದರಿಂದ ಹೆಚ್ಚಿನವು ಬಂದವು. ಒಂದು ಬರಲಿಲ್ಲ, ಆ ಚಕ್ರದ ಸಿಲಿಂಡರನ್ನೇ ಬದಲಿಸಬೇಕಾಯಿತು. ಎಲ್ಲ ಕ್ಲಿಪ್ಪು ಬಿಚ್ಚಿದ ಮೇಲೆ ಹಳೆಯ ಪೈಪನ್ನು ನೆಲದ ಮೇಲೆ ಹಾಸಿದೆ. ಏಳು ಕ್ಲಿಪ್ಪಿನಲ್ಲಿ ನಾಲ್ಕರ ಕೆಳಗೆ ಅದೇ ಹಪ್ಪಳ. ಮಾವ ಬಗ್ಗಿ ನೋಡಿ ಒಂದನ್ನು ಚಿವುಟಿದರು. ಮುರಿಯಿತು. ಏನೂ ಹೇಳದೆ ತುಂಡನ್ನು ಜೇಬಿಗೆ ಹಾಕಿಕೊಂಡರು.

ಪೈಪಿನ ತುದಿಯನ್ನು ಕೊಳಲೂದುವ ಬಾಯಿಯ ಹಾಗೆ ಅಗಲಿಸಿ, ಆ ಅಂಚನ್ನು ಮತ್ತೆ ಒಳಕ್ಕೆ ಮಡಿಸಬೇಕು. ಒಂದೇ ಪದರವಾದರೆ ಬಿರಿಯುತ್ತದೆ, ಎರಡು ಪದರವಾದರೆ ಒತ್ತಡ ತಡೆಯುತ್ತದೆ. ಇದರಲ್ಲಿ ಎರಡು ಮೂರು ಬಗೆಯ ಆಕಾರಗಳಿವೆ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಹಳೆಯ ತುದಿಯನ್ನು ಎದುರಿಗಿಟ್ಟುಕೊಂಡು ಅದೇ ಆಕಾರ ತೆಗೆಯಬೇಕು. ನಟ್ಟಿನ ದಾರವೂ ಹಾಗೆಯೇ, ಬೇರೆ ಕಾರಿನದು ನೋಡಲು ಒಂದೇ ಥರ ಕಂಡು ಎರಡು ಸುತ್ತು ಹೋಗಿ ಬಿಗಿಯುತ್ತದೆ. ಅಲ್ಲಿ ಜೋರು ಮಾಡಿದರೆ ಸಿಲಿಂಡರ್ ಹಾಳು. ನನ್ನ ಮೊದಲ ನಾಲ್ಕು ತುದಿಗಳು ಸೊಟ್ಟ. ಐದನೆಯದು ಎಷ್ಟು ಚೆಂದ ಬಂತೆಂದರೆ ಫೋಟೋ ತೆಗೆದು ಗೆಳೆಯರ ಗುಂಪಿಗೆ ಕಳಿಸಿದೆ. ಆಮೇಲೆ ನೋಡಿದರೆ ನಟ್ಟು ಮೇಜಿನ ಮೇಲೇ ಇತ್ತು. ಮೊದಲು ನಟ್ಟನ್ನು ಪೈಪಿಗೆ ಪೋಣಿಸಿ ಆಮೇಲೆ ತುದಿ ಮಡಿಸಬೇಕು, ಮಡಿಸಿದ ಮೇಲೆ ಅದು ತೂರುವುದಿಲ್ಲ. ಚಾಚಾ ನಗಲಿಲ್ಲ. "ಸಬ್ ಕರತೇ ಹೈಂ, ಬೇಟಾ," ಎಂದರು. ಅದೇ ತಪ್ಪನ್ನು ಸಂಜೆಯೊಳಗೆ ಇನ್ನೊಮ್ಮೆ ಮಾಡಿದೆ.

ಹಳೆಯ ಪೈಪಿನ ಬಾಗುಗಳನ್ನು ನೋಡಿ ಅತ್ತೆಯ ಕಾಫಿ ಲೋಟದ ಸುತ್ತ ಹೊಸದನ್ನು ಬಗ್ಗಿಸಿದೆ. ಸೈಲೆನ್ಸರಿನಿಂದ ದೂರ, ಚಲಿಸುವ ಯಾವುದಕ್ಕೂ ತಾಗದ ಹಾಗೆ. ಹಳೆಯ ಕ್ಲಿಪ್ಪು ಬಿಸಾಡಿ, ಪ್ಲಾಸ್ಟಿಕ್ ಹೊದಿಕೆಯ ಹೊಸದನ್ನು ಹಾಕಿ, ಒಳಗೆ ಗ್ರೀಸ್ ಬಳಿದೆ. ಎಲ್ಲ ಬಿಗಿದಾಗ ತಾಮ್ರದ ಬಣ್ಣದ ಆ ಗೆರೆ ಕಪ್ಪು ತಳದಲ್ಲಿ ಹೊಳೆಯುತ್ತಿತ್ತು. ಯಾರಿಗೂ ಕಾಣದ ಜಾಗದಲ್ಲಿ ಮಾಡಿದ ಕೆಲಸ. ಮೂರು ಸಲ ಮಲಗಿ ಟಾರ್ಚ್ ಹಾಕಿ ನೋಡಿಕೊಂಡೆ.

ಹೊಸ ಫ್ಲೂಯಿಡ್ ಡಾಟ್ 4. ಈ ಎಣ್ಣೆ ಗಾಳಿಯ ತೇವ ಕುಡಿಯುತ್ತದೆ. ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯದೆ ಇರಬೇಕಾದದ್ದು, ತೇವ ಕುಡಿದ ಮೇಲೆ 155ಕ್ಕೆ ಇಳಿಯಬಹುದು. ಕುದಿದರೆ ಆವಿ, ಆವಿಯಾದರೆ ಪೆಡಲ್ ತಳಕ್ಕೆ. ಮುಂಬಯಿಯ ಜುಲೈ ತಿಂಗಳಲ್ಲಿ ಬಾಟಲಿಯ ಮುಚ್ಚಳ ತೆರೆದಿಟ್ಟರೆ ಏನಾದೀತು ಯೋಚಿಸಿ. ಮಾವನ ಡಿಕ್ಕಿಯ ಬಾಟಲಿಯ ಮುಚ್ಚಳ ಸಡಿಲವಾಗಿತ್ತು. ಹಳೆಯ ಎಣ್ಣೆಯಂತೂ ನಮ್ಮ ಫಿಲ್ಟರಿನ ಡಿಕಾಕ್ಷನ್ನಿನಂತೆ ಇಳಿಯಿತು.

ಇನ್ನು ಪೈಪಿನೊಳಗಿನ ಗಾಳಿ ತೆಗೆಯಬೇಕು. ಇದು ಇಬ್ಬರ ಕೆಲಸ. ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರ ಮೊದಲು, ಅಂದರೆ ಹಿಂದಿನ ಎಡದ್ದು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಚಕ್ರದ ಬಳಿಯ ಸಣ್ಣ ತಿರುಪು ಸಡಿಲಿಸಿದರೆ ಗಾಳಿಗುಳ್ಳೆಗಳೊಂದಿಗೆ ಎಣ್ಣೆ ನಳಿಕೆಯಲ್ಲಿ ಬಂದು ಬಾಟಲಿಗೆ ಬೀಳುತ್ತದೆ. ತಿರುಪು ಬಿಗಿದ ಮೇಲೆಯೇ ಕಾಲು ತೆಗೆಯಬೇಕು. ಮೊದಲೇ ತೆಗೆದರೆ ಬಿಟ್ಟ ಗಾಳಿಯನ್ನೆಲ್ಲ ಅದು ಮತ್ತೆ ಎಳೆದುಕೊಳ್ಳುತ್ತದೆ. ಪೆಡಲಿಗೆ ಮಾವ ಕೂತರು. ಅವರ ಕಾರು, ಅವರ ಸೀಟು. ನಾನು ಚಕ್ರದ ಬಳಿ ಹಾರ್ಲಿಕ್ಸ್ ಬಾಟಲಿ ಹಿಡಿದು ಮಲಗಿದೆ.

"ಒತ್ತಿ," ಎಂದೆ. "ಒತ್ತಿದೆ," ಎಂದರು. ತಿರುಪು ತೆಗೆದರೆ ಏನೂ ಬರಲಿಲ್ಲ. ಮತ್ತೆ "ಒತ್ತಿ". "ಒತ್ತಿದೆ ಮಾರಾಯ!" ಈ ಸಲ ಬಂತು, ಆದರೆ ನಾನು ಬಿಗಿಯುವ ಮೊದಲೇ ಗೊಳಕ್ಕೆಂದು ಎಳೆದುಕೊಂಡಿತು. ಹೀಗೆ ಇಪ್ಪತ್ತು ನಿಮಿಷ. ಕಿವಿ ಮಂದವಾಗಿದೆಯೇನೋ ಎಂದು ಕೂಗಿ ಹೇಳಿದೆ. ಕೊನೆಗೆ ಎದ್ದು, ಒರೆಸುವ ಬಟ್ಟೆ ತರುವ ನೆಪದಲ್ಲಿ ಮುಂದಿನ ಬಾಗಿಲಿಗೆ ಹೋದೆ.

ಮಾವ ಸ್ಟೀರಿಂಗ್ ಹಿಡಿದು ಮುಂದಕ್ಕೆ ಬಾಗಿ, ತಲೆ ತಗ್ಗಿಸಿ, ತಮ್ಮ ಬಲಗಾಲನ್ನು ನೋಡುತ್ತಿದ್ದರು. ಕಾಲು ಪೆಡಲಿನ ಅಂಚಿನ ಮೇಲಿತ್ತು, ಅರ್ಧ ಹೊರಗೆ. ನೋಡಿ, ಸರಿಯಾಗಿ ಇಟ್ಟು, ಮತ್ತೆ ನೋಡಿ, ಆಮೇಲೆ ಒತ್ತಿದರು. ಒತ್ತಿದ ಮೇಲೂ ನೋಡುತ್ತಲೇ ಇದ್ದರು. ಪೆಡಲ್ ಇಳಿದದ್ದು ಕಾಲಿಗೆ ಗೊತ್ತಾಗುತ್ತಿರಲಿಲ್ಲ, ಕಣ್ಣಿಗೆ ಗೊತ್ತಾಗುತ್ತಿತ್ತು.

ಮಾವನಿಗೆ ಸಕ್ಕರೆ ಕಾಯಿಲೆ ಬಂದು ಇಪ್ಪತ್ತೆರಡು ವರ್ಷ. ಪಾದಕ್ಕೆ ಜೋಮು ಹಿಡಿಯುತ್ತದೆಂದು ಅತ್ತೆ ಎಂದೋ ಹೇಳಿದ್ದರು, ನಾನು ಬೆನ್ನುನೋವು ಎಂದ ಹಾಗೆ ಕೇಳಿಸಿಕೊಂಡಿದ್ದೆ. ಸಕ್ಕರೆ ಬಹಳ ಕಾಲ ಇದ್ದರೆ ಪಾದದ ನರಗಳು ಸಾಯುತ್ತ ಬರುತ್ತವೆ. ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ. ಆ ಒಂದು ತಿಂಗಳು ಪೆಡಲ್ ಮೆತ್ತಗಾದದ್ದನ್ನು ಮಾವ ಮುಚ್ಚಿಟ್ಟಿರಲಿಲ್ಲ.

ನಾನು ಬಾಗಿಲ ಬಳಿ ನಿಂತದ್ದನ್ನು ಅವರು ಕಂಡರು. ಇಬ್ಬರೂ ಏನೂ ಮಾತಾಡಲಿಲ್ಲ. "ಚಾಚಾನಿಗೆ ಕೂರಲಿಕ್ಕೆ ಹೇಳ್, ನಂಗೆ ಸೊಂಟ ನೋವು," ಎಂದು ಇಳಿದು, ಮಳೆಯಲ್ಲೇ ಮನೆಯ ಕಡೆ ಹೋದರು. ಚಾಚಾ ಕೂತ ಮೇಲೆ ನಾಲ್ಕೂ ಚಕ್ರ ಮುಗಿಯಲು ಮುಕ್ಕಾಲು ತಾಸು ಸಾಕಾಯಿತು.

ರಾತ್ರಿ ಪ್ರತಿ ಜೋಡಣೆಯ ಕೆಳಗೂ ಹಳೆಯ ಪೇಪರ್ ಹಾಸಿಟ್ಟೆ. ಬೆಳಗ್ಗೆ ಒಂದರ ಮೇಲೆ ಎಂಟಾಣೆಯಷ್ಟು ಕಲೆ, ಹಿಂದಿನ ಆಕ್ಸಲ್ ಬಳಿ. ಆ ತುದಿಯನ್ನು ಕತ್ತರಿಸಿ ಮತ್ತೆ ಮಡಿಸಿ, ಮತ್ತೆ ಗಾಳಿ ತೆಗೆದು, ಮರುದಿನ ಕಾಗದ ಒಣಗಿತ್ತು. ಪೆಡಲನ್ನು ಜೋರಾಗಿ ಒತ್ತಿ ಒಂದು ನಿಮಿಷ ಹಿಡಿದೆ. ಕಲ್ಲಿನ ಹಾಗೆ ನಿಂತಿತು. ಕಾಂಪೌಂಡಿನಲ್ಲಿ ಎರಡು ಸುತ್ತು, ಆಮೇಲೆ ಖಾಲಿ ಓಣಿಯಲ್ಲಿ ಇಪ್ಪತ್ತು ಸಲ ಹೊರಟು ಇಪ್ಪತ್ತು ಸಲ ನಿಂತೆ.

ಆ ರಾತ್ರಿ ಐರೋಲಿಗೆ ಹೋಗುವ ಲೋಕಲಿನಲ್ಲಿ ಅನ್ನಿಸಿದ್ದನ್ನು ಇಲ್ಲಿ ಬರೆಯಲು ಸಂಕೋಚವಾಗುತ್ತದೆ. ಎರಡನೇ ದಿನ ಮಧ್ಯಾಹ್ನವೇ ಕೆಲಸ ನಿಲ್ಲಿಸಿ, 'ಪಾರ್ಟ್ ಸಿಗುವುದಿಲ್ಲ ಮಾವ' ಎಂದು ಹೇಳಿದ್ದರೆ? ನಂಬುತ್ತಿದ್ದರು. ಕಾರು ಸ್ಟ್ಯಾಂಡಿನ ಮೇಲೆಯೇ ನಿಂತಿರುತ್ತಿತ್ತು, ಯಾರೂ ಕೆಟ್ಟವರಾಗುತ್ತಿರಲಿಲ್ಲ. ನಾನು ಅದನ್ನು ಸರಿಯಾಗಿ, ಬಹಳ ಸರಿಯಾಗಿ, ರಿಪೇರಿ ಮಾಡಿದ್ದೆ.

ಅತ್ತೆಗೆ ಹೇಳಿದೆ. "ನಂಗೊತ್ತುಂಟು," ಎಂದರು. "ಚಪ್ಪಲಿ ಕಾಲಿಂದ ಬಿದ್ದದ್ದೂ ಅವರಿಗೆ ತಿಳಿಯೂದಿಲ್ಲ. ಆದರೆ ನಾನು ಹೇಳಿದರೆ ಜಗಳ. ನೀನು ಹೇಳಿದರೆ ಅವಮಾನ. ಡಾಕ್ಟರ್ ಹೇಳ್ಲಿ." ಡಾಕ್ಟರ ಬಳಿ ನಾನೇ ಕರೆದುಕೊಂಡು ಹೋದೆ. ಪಾದಕ್ಕೆ ಮೀನಿನ ಗಾಳದ ನೂಲಿನಂಥ ಎಳೆಯೊಂದನ್ನು ತಾಗಿಸಿ, ಕಣ್ಣು ಮುಚ್ಚಿ, ತಾಗಿದಾಗ ಹೇಳಿ ಎಂದರು. ಬಲ ಪಾದದಲ್ಲಿ ಹತ್ತು ಕಡೆ ತಾಗಿಸಿದರು. ಮಾವ ಎರಡು ಸಲ ಹೇಳಿದರು. ಕಣ್ಣು ತೆರೆದು, "ಮುಗೀತಾ? ಶುರು ಮಾಡಿ," ಎಂದರು.

ಡಾಕ್ಟರು ಕಾರಿನ ಬಗ್ಗೆ ಹೇಳಬೇಕಾದದ್ದನ್ನು ಹೇಳಿದರು. ಮಾವ ಕೇಳಿ, ರೈಲಿನ ಪಾಸ್ ಮಡಚುವ ಹಾಗೆ ಚೀಟಿ ಮಡಚಿ ಜೇಬಿಗಿಟ್ಟರು.

ಅಕ್ಟೋಬರ್ ಕೊನೆಯಲ್ಲಿ ಚಾಚಾ ಮೊಬೈಲ್ ಹಿಡಿದು ಬಂದರು. 2003ರ ಅಕ್ಟೋಬರ್ 29ರಂದು ತಾಡದೇವ್ ಆರ್‌ಟಿಓದಲ್ಲಿ ನೋಂದಣಿಯಾದ ನಗರದ ಕೊನೆಯ ಪದ್ಮಿನಿ ಟ್ಯಾಕ್ಸಿಗೆ ಇಪ್ಪತ್ತು ತುಂಬಿ, 30ರಿಂದ ಅದು ರಸ್ತೆಯಲ್ಲಿ ಇಲ್ಲವೆಂಬ ಸುದ್ದಿ. ಮಾವ, ಚಾಚಾ ಇಬ್ಬರೂ ಮೆಟ್ಟಿಲ ಮೇಲೆ ಕೂತು ವಿಡಿಯೋ ನೋಡಿದರು. ನಮ್ಮದಕ್ಕೆ 2024ರಲ್ಲಿ ಮತ್ತೆ ನೋಂದಣಿ ನವೀಕರಣ. ಆ ಶುಲ್ಕ 2022ರ ಏಪ್ರಿಲಿನಿಂದ ಆರುನೂರರಿಂದ ಐದು ಸಾವಿರಕ್ಕೆ ಏರಿತ್ತು. "ಕಟ್ಟುವ," ಎಂದರು ಮಾವ. "ಬ್ರೇಕ್ ಹೊಸತುಂಟಲ್ಲ."

ಮುಂದಿನ ಭಾನುವಾರ ಕೀಲಿ ಟೀಪಾಯಿಯ ಮೇಲೆ, ನಾನು ಕೂರುವ ಕುರ್ಚಿಯ ಎದುರಿಗಿತ್ತು. ಯಾರೂ ಏನೂ ಹೇಳಲಿಲ್ಲ. ನಾನು ತೆಗೆದುಕೊಂಡೆ. ಮಾವ ಸೀದಾ ಎಡಗಡೆಯ ಬಾಗಿಲು ತೆರೆದು ಕೂತರು. ಮಾಟುಂಗದವರೆಗೂ ಪ್ರತಿ ಸಿಗ್ನಲ್ಲಿನಲ್ಲೂ ಅವರ ಬಲಗಾಲು ನೆಲವನ್ನು ಒತ್ತುತ್ತಿತ್ತು, ನನಗಿಂತ ಸ್ವಲ್ಪ ಮೊದಲೇ. ಅವರು ಅದನ್ನು ನೋಡುತ್ತಿರಲಿಲ್ಲ.

ಈಗ ಎರಡು ಭಾನುವಾರಕ್ಕೊಮ್ಮೆ ಹೋಗುತ್ತೇನೆ. ತಾಡಪಾಲು ಹಾಸಿ ಮಲಗಿ ಏಳೂ ಕ್ಲಿಪ್ಪು ನೋಡುತ್ತೇನೆ, ಫ್ಲೂಯಿಡ್ ಗೆರೆ ನೋಡುತ್ತೇನೆ. ಒಂದು ಕೂದಲೂ ಇಳಿದಿಲ್ಲ. ಆಮೇಲೆ ಸೀಟಿನಲ್ಲಿ ಕೂತು ಕನ್ನಡಿ ಸರಿಮಾಡಿಕೊಳ್ಳಬೇಕು. ಹೋದ ಸಲ ನನ್ನ ಎತ್ತರಕ್ಕೆ ಇಟ್ಟು ಬಂದಿದ್ದ ಕನ್ನಡಿ ಪ್ರತಿ ಸಲವೂ ನಾಲ್ಕು ಬೆರಳು ಕೆಳಕ್ಕೆ ಬಾಗಿರುತ್ತದೆ. ಬ್ಯಾಟರಿ ಇಳಿಯದಿರಲೆಂದು ಕಾಂಪೌಂಡಿನಲ್ಲೇ ಸ್ಟಾರ್ಟ್ ಮಾಡಿಡುತ್ತೇನೆ ಎನ್ನುತ್ತಾರೆ ಮಾವ.